ದೆವ್ವ ಉಟ್ಟ ಮೊಳಕಾಲ್ಮೂರು ಸೀರೆ

ಚಳ್ಳಕೆರೆಯ ಜನಕ್ಕೆ ಜೌಗು ನೆಲ ಎಂದರೇನೆಂದು ಮೊದಲು ವಿವರಿಸಿ, ಆಮೇಲೆ ಅದನ್ನು ತೋರಿಸಿ ಹೆದರಿಸುವ ಕೆಲಸ ಒಂದು ಕಾಲದಲ್ಲಿ ನನ್ನ ಪಾಲಿಗೆ ಬಂದಿತ್ತು. ಆಗಷ್ಟೇ ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಇಂಗ್ಲಿಷ್ ಸಾಹಿತ್ಯ ಓದಿದವಳೆಂಬ ಜಂಬವಿತ್ತು. ಸಿಟ್ಟಂತೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಪ್ಪನಿಗೆ ಶೇಂಗಾ ಎಣ್ಣೆಯ ಮಿಲ್ಲು, ಅಣ್ಣನಿಗೆ ಕೇಬಲ್ಲು. ಮಿಲ್ಲು ಅಜ್ಜನ ಕಾಲದಿಂದ ಬಂದದ್ದು, ಕೇಬಲ್ಲು ಅಣ್ಣನ ಹಟದಿಂದ ಬಂದದ್ದು. ಹಿಂಡಿಯ ವಾಸನೆ ಹೊಡೆಯುವ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಅವನ ಪೆಟ್ಟಿಗೆಗಳು, ವೈರುಗಳು, ಒಂದು ವಿಸಿಡಿ ಪ್ಲೇಯರ್ ಇದ್ದವು. ಅಲ್ಲಿಂದಲೇ ಊರಿಗೆಲ್ಲ ಅವನ ಲೋಕಲ್ ಚಾನಲ್ ಹೋಗುತ್ತಿತ್ತು. ಅದರಲ್ಲಿ ಬರುತ್ತಿದ್ದುದು ಮದುವೆ ವಿಡಿಯೊ, ಬಟ್ಟೆ ಅಂಗಡಿಯ ಜಾಹೀರಾತು, ಇಲ್ಲವೇ ಎಲ್ಲರೂ ನೋಡಿ ಮುಗಿಸಿದ ಸಿನಿಮಾ.

ಹೊಸದೇನಾದರೂ ತೋರಿಸಬೇಕೆಂದು ಅಣ್ಣ ಒಮ್ಮೆ ಬಳ್ಳಾರಿಗೆ ಹೋಗಿ ಒಂದು ಕಟ್ಟು ಸಿಡಿ ತಂದ. ಅಮೆರಿಕದ ದಕ್ಷಿಣದ ಯಾವುದೋ ಸೀಮೆಯ ದೆವ್ವದ ಕಥೆಗಳ ಮಾಲೆ ಅದು. ಒಂದೊಂದು ಕಂತಿಗೆ ಒಂದೊಂದು ಕಥೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೆ ಎಲ್ಲವೂ ನಡೆಯುವುದು ಒಂದೇ ಜಾಗದಲ್ಲಿ. ಎತ್ತ ನೋಡಿದರೂ ಮಂಡಿಯುದ್ದ ಕಪ್ಪು ನೀರು, ನೀರಿನೊಳಗಿಂದಲೇ ಎದ್ದ ದೊಡ್ಡ ದೊಡ್ಡ ಮರಗಳು, ಮರದ ತುಂಬ ಮುದುಕಿಯ ನರೆಗೂದಲಿನ ಹಾಗೆ ಇಳಿಬಿದ್ದ ಪಾಚಿ. ಪ್ರತಿ ಕಥೆಯ ಮೊದಲಿಗೆ ಒಬ್ಬ ಮುದುಕ ಚಪ್ಪಟೆ ದೋಣಿಯಲ್ಲಿ ಕೂತು, ಕೋಲು ಊರುತ್ತಾ ನಮ್ಮ ಕಡೆಗೆ ಬರುತ್ತಿದ್ದ. ಬಂದು ಏನೋ ಗೊಣಗುತ್ತಿದ್ದ. ಅವನ ಇಂಗ್ಲಿಷು ನನಗೇ ಅರ್ಧ ತಿಳಿಯುತ್ತಿರಲಿಲ್ಲ, ಇನ್ನು ಊರಿಗೆ ಏನು ತಿಳಿದೀತು? ಅದಕ್ಕೇ ಅಣ್ಣ ಒಂದು ಮೈಕ್ ತಂದು ನನ್ನ ಮುಂದಿಟ್ಟ.

“ನೀನು ಕಥೆ ಹೇಳು. ನಾನು ಆ ಸೌಂಡು ಕಮ್ಮಿ ಮಾಡ್ತೀನಿ.”

ಹೀಗೆ ಪ್ರತಿ ಶನಿವಾರ ಮಧ್ಯಾಹ್ನ, ಊಟವಾದ ಮೇಲೆ, ಕರೆಂಟು ಇದ್ದರೆ, ನಾನು ಊರಿಗೆಲ್ಲ ಕೆಸರಿನ ದೆವ್ವದ ಕಥೆ ಹೇಳತೊಡಗಿದೆ. ನಿಘಂಟು ನೋಡಿ ‘ಜೌಗು ಪ್ರದೇಶ’ ಎಂದು ಶುರು ಮಾಡಿದ್ದೆ. ಮರುದಿನವೇ ಪಕ್ಕದ ಮನೆಯವರು ಅದು ಯಾವ ರಾಜ್ಯದಲ್ಲಿದೆ ಎಂದು ಕೇಳಿದರು. ಮುಂದಿನ ವಾರದಿಂದ ‘ಕೆಸರುಗೆರೆ’ ಎಂದೆ. ಅದು ತಿಳಿಯಿತು. ಆದರೆ ಹೆದರಿಕೆ ಮಾತ್ರ ಯಾರಿಗೂ ಹುಟ್ಟಲಿಲ್ಲ. ತಪ್ಪು ಕಥೆಯದಲ್ಲ, ನೀರಿನದು. ನಲ್ಲಿ ಯಾವಾಗ ಬರುತ್ತದೋ ಎಂದು ಕೊಡ ಸಾಲಿಗಿಟ್ಟು ಕಾಯುವ ಹೆಂಗಸರಿಗೆ, ಕಣ್ಣು ಹಾಯಿಸಿದಷ್ಟೂ ನೀರು ನಿಂತ ಸೀಮೆ ತೋರಿಸಿ ‘ಅಯ್ಯೋ ಹೆದರಿಕೊಳ್ಳಿ’ ಎಂದರೆ ಅವರು ಹೆದರಿಕೊಳ್ಳುತ್ತಾರೆಯೇ? ದೋಣಿಯವನನ್ನು ನೀರಿನೊಳಗಿನ ಕೈ ಎಳೆದುಕೊಂಡ ಕಂತು ಮುಗಿದ ಮೇಲೆ, ನನ್ನಿವಾಳದಿಂದ ಮಿಲ್ಲಿಗೆ ಶೇಂಗಾ ತಂದಿದ್ದ ಒಬ್ಬ ಹಿರಿಯರು ಅಪ್ಪನ ಜತೆ ನಮ್ಮ ಪಡಸಾಲೆಯಲ್ಲಿ ಕೂತಲ್ಲೇ ನಿಟ್ಟುಸಿರು ಬಿಟ್ಟರು.

“ಅಷ್ಟು ನೀರು ಇಟ್ಕಂಡು ಒಂದು ಮಡಿ ಭತ್ತ ಹಾಕಿಲ್ಲ ನೋಡ್ರಿ. ದೆವ್ವ ಹಿಡೀದೆ ಏನಾಗ್ತೈತೆ ಅವ್ರಿಗೆ?”

ನನಗೆ ಮೈಯೆಲ್ಲ ಉರಿಯಿತು. ಅಣ್ಣ ಬಿದ್ದು ಬಿದ್ದು ನಕ್ಕ.

ಜನ ನಿಜವಾಗಿ ಬೆಚ್ಚಿದ್ದು ಒಂದೇ ಕಂತಿಗೆ. ಅದರಲ್ಲಿ ಕೆಸರಿನ ಮೇಲೆ ಒಂದು ಬೆಳಕು ತೇಲಿಕೊಂಡು ಬರುತ್ತದೆ. ದಾರಿ ತಪ್ಪಿದವನು ಅದನ್ನು ಹಿಂಬಾಲಿಸುತ್ತಾನೆ. ಅದು ಅವನನ್ನು ಕರೆದೊಯ್ದು ಮುಳುಗಿಸುತ್ತದೆ. ಆ ಬೆಳಕಿಗೆ ಅವರ ಭಾಷೆಯಲ್ಲಿ ಏನೋ ಹೆಸರಿತ್ತು. ನಾನು ಹಿಂದೆ ಮುಂದೆ ನೋಡದೆ ‘ಕೊಳ್ಳಿದೆವ್ವ’ ಎಂದೆ. ಅಷ್ಟೇ. ಊರಾಚೆ ದನ ಮೇಯುವ ವರವು ಕಾವಲಿನ ಹುಲ್ಲಿನಲ್ಲಿ ಕೊಳ್ಳಿದೆವ್ವ ಕಂಡವರು, ಕಂಡವರ ಅಣ್ಣತಮ್ಮಂದಿರು, ಕಂಡು ಜ್ವರ ಬಂದವರ ಅಳಿಯಂದಿರು ನಮ್ಮೂರಿನ ತುಂಬ ಇದ್ದರು. ಅವತ್ತು ಸಂಜೆ ಬೀದಿಯಲ್ಲಿ ಅದೇ ಮಾತು. ಅಣ್ಣ ಆ ಸಂಜೆಯೇ ತೀರ್ಮಾನಕ್ಕೆ ಬಂದ: ಕಥೆಯ ಚೌಕಟ್ಟು ಅವರದಿರಲಿ, ದೆವ್ವ ಮಾತ್ರ ನಮ್ಮದೇ ಇರಬೇಕು. ಅವನ ಹತ್ತಿರ ಮದುವೆ ಶೂಟಿಂಗಿನ ಹೆಗಲ ಮೇಲಿನ ದೊಡ್ಡ ಕ್ಯಾಮೆರಾ ಇತ್ತು. ಬೇಕಾಗಿದ್ದುದು ಒಂದು ದೆವ್ವ.

ಇಲ್ಲಿ ಅತ್ತೆಯ ವಿಷಯ ಹೇಳಬೇಕು. ಅಪ್ಪನ ತಂಗಿ. ಮೊಳಕಾಲ್ಮೂರಿಗೆ ಕೊಟ್ಟಿದ್ದರು. ಮಾವನದು ಅಲ್ಲಿ ರೇಷ್ಮೆ ಸೀರೆ ವ್ಯಾಪಾರ. ಮಗ್ಗದವರಿಗೆ ನೂಲು ಕೊಟ್ಟು, ನೇಯಿಸಿ, ಮನೆಯಲ್ಲೇ ಮಾರುತ್ತಿದ್ದರು. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಮಾವ ತೀರಿಕೊಂಡರು. ಮಕ್ಕಳಿರಲಿಲ್ಲ. ಅಪ್ಪ ಎಷ್ಟು ಕರೆದರೂ ಅತ್ತೆ ತವರಿಗೆ ಬರಲಿಲ್ಲ. ವ್ಯಾಪಾರ ತಾನೇ ಹಿಡಿದಳು. ನೂಲಿನ ಬಣ್ಣ ಬೆರಳಿನಲ್ಲಿ ಉಜ್ಜಿ ನೋಡುವುದು, ಪಕ್ಕದ ಮನೆಯ ಮಗ್ಗದವರ ಜತೆ ತೆಲುಗಿನಲ್ಲಿ ಜಗಳವಾಡಿ ಮತ್ತೆ ಅವರ ಮನೆಯಲ್ಲೇ ಚಹಾ ಕುಡಿಯುವುದು, ಎಲ್ಲ ಕಲಿತಳು. ಬೆಳಗಿನಿಂದ ಸಂಜೆಯವರೆಗೆ ಅವಳ ಸುತ್ತ ಗಿಣಿಹಸಿರು, ಕುಂಕುಮಗೆಂಪು, ನವಿಲುಬಣ್ಣ ಹರಡಿಕೊಂಡಿರುತ್ತಿತ್ತು. ಅವುಗಳ ನಡುವೆ ಬಿಳಿಯ ಹತ್ತಿ ಸೀರೆ ಉಟ್ಟು, ಬರಿಗೈಯಲ್ಲಿ ಅವಳು ಕೂತಿರುತ್ತಿದ್ದಳು.

ಬಣ್ಣ ಉಡಬೇಡ ಎಂದು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನಮ್ಮ ಮನೆತನದಲ್ಲಿ ಅಂಥದ್ದನ್ನು ಹೇಳುವುದಿಲ್ಲ, ಮಾಡಿಸುತ್ತಾರೆ. ಮದುವೆ ಮನೆಯಲ್ಲಿ ಆರತಿಯ ಹೊತ್ತಿಗೆ ಸರಿಯಾಗಿ ನಮ್ಮ ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಅತ್ತೆಯ ತೋಳು ಹಿಡಿದು ಬಹಳ ಅಕ್ಕರೆಯಿಂದ ಹೇಳುತ್ತಿದ್ದಳು: “ನೀನು ಆ ಕಡೆ ಕೂತ್ಕಳವ್ವ, ಅಲ್ಲಿ ಗಾಳಿ ಬರ್ತೈತೆ.” ಅತ್ತೆ ಎದ್ದು ಹೋಗಿ ಗಾಳಿ ಬರುವ ಕಡೆ ಕೂರುತ್ತಿದ್ದಳು. ಎಷ್ಟು ಮದುವೆಗಳಲ್ಲಿ ನಾನು ಅದನ್ನು ನೋಡಿದೆನೋ. ಒಮ್ಮೆಯಾದರೂ ಅತ್ತೆ ಎದುರು ಮಾತಾಡಲಿ ಎಂದು ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದೆ.

ಆ ಕೆಸರಿನ ಕಥೆಗಳೆಂದರೆ ಅತ್ತೆಗೆ ಪ್ರಾಣ. ನೂಲು, ಜರಿ ಎಂದು ಏನಾದರೂ ಕೆಲಸ ಹಚ್ಚಿಕೊಂಡು ಶನಿವಾರದ ಬೆಳಗಿನ ಬಸ್ಸಿಗೆ ಚಳ್ಳಕೆರೆಗೆ ಬಂದುಬಿಡುತ್ತಿದ್ದಳು. ಅವ್ವ ಕೊಟ್ಟ ಹುರಿದ ಶೇಂಗಾ ಮಡಿಲಿಗೆ ಹಾಕಿಕೊಂಡು, ಮಹಡಿಯ ಕೋಣೆಯಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಅವಳು ಹೆದರಿದ್ದನ್ನು ನಾನು ನೋಡಿಲ್ಲ. ನೀರಿನ ಮೇಲೆ ನಡೆದುಬರುವ ಹೆಂಗಸು, ಪಾಚಿಯ ಮರದ ಮೇಲೆ ಕೂತು ಕೂದಲು ಬಾಚುವ ಹೆಂಗಸು, ಇಂಥವರು ಬಂದಾಗ ಅವಳ ಕಣ್ಣು ಅರಳುತ್ತಿತ್ತು. ಒಂದು ಸಲ ಮೈಕಿಗೂ ಕೇಳುವಷ್ಟು ಗಟ್ಟಿಯಾಗಿ ಅಂದುಬಿಟ್ಟಳು:

“ಎಷ್ಟು ಆರಾಮಾಗಿ ಓಡಾಡ್ತಾವೆ ನೋಡೇ ಇವು! ಯಾರೂ ಏನೂ ಅನ್ನಂಗಿಲ್ಲ.”

ಅಣ್ಣ ಬರೆದ ಮೊದಲ ಕಥೆ ಹೀಗಿತ್ತು. ಮದುವೆಯ ದಿನ ಕೆರೆಯ ಹೂಳಿನಲ್ಲಿ ಸಿಕ್ಕಿ ಸತ್ತ ಮದುವಣಗಿತ್ತಿ ನಡುಮಧ್ಯಾಹ್ನ ಎದ್ದು ಬಂದು, ಕೆರೆ ಏರಿಯ ಮೇಲೆ ಹೋಗುವವರನ್ನು ‘ದಿಬ್ಬಣ ಎಲ್ಲಿಗೆ ಬಂತು?’ ಎಂದು ಕೇಳುತ್ತಾಳೆ. ನಡುಮಧ್ಯಾಹ್ನವೇ ಯಾಕೆಂದರೆ ನಮ್ಮ ಕಡೆ ಆ ಹೊತ್ತೂ ದೆವ್ವದ್ದೇ. ಮೇಲಾಗಿ ಅವನ ಹತ್ತಿರ ಲೈಟು ಇರಲಿಲ್ಲ. ಆ ವರ್ಷ ಮಳೆ ಕೈ ಹಿಡಿದಿತ್ತು. ಮೊಳಕಾಲ್ಮೂರಿನ ಹತ್ತಿರದ ಒಂದು ಕೆರೆಯಲ್ಲಿ ನೀರು ನಿಂತು, ಅದರ ಅಂಚಿನ ಹೂಳು ನೋಡಲು ಹೆಚ್ಚುಕಡಿಮೆ ಆ ಸಿಡಿಯ ಕೆಸರಿನ ಹಾಗೇ ಇತ್ತು. ಅಲ್ಲಿ ಮರಗಳಿಲ್ಲ, ಜಾಲಿ ಇದೆ. ಪಾಚಿ ಇಲ್ಲ, ಜಾಲಿಗೆ ಅಣ್ಣ ಹಳೆಯ ನೂಲಿನ ಸಿಕ್ಕು ನೇತುಹಾಕಿದ.

ದೆವ್ವವಾಗಲು ಮಾತ್ರ ಯಾರೂ ಸಿಗಲಿಲ್ಲ. ಮದುವೆಯಾಗದ ಹುಡುಗಿಯರನ್ನು ಕೇಳಿದರೆ, ಸತ್ತ ಮದುವಣಗಿತ್ತಿಯಾದವಳನ್ನು ಆಮೇಲೆ ಯಾರು ಮಾಡಿಕೊಳ್ಳುತ್ತಾರೆ ಎಂದು ಅವರ ಅವ್ವಂದಿರು ಬಾಗಿಲು ಹಾಕಿದರು. ನನ್ನ ಅವ್ವನೂ ಅದನ್ನೇ ಅಂದಳು. ಮದುವೆಯಾದವರಂತೂ ಕೊರಳಿನ ತಾಳಿ ಮುಟ್ಟಿಕೊಂಡು “ಬಿಡ್ತು ಅನ್ನು” ಎಂದರು. ಅಣ್ಣ ಮುಖ ಇಳಿಬಿಟ್ಟುಕೊಂಡು ನನ್ನ ಜತೆ ಅತ್ತೆಯ ಮನೆಯಲ್ಲಿ ಕೂತಿದ್ದ. ಅತ್ತೆ ಒಂದು ಸೀರೆ ಮಡಿಸುತ್ತಿದ್ದಳು. ತಲೆ ಎತ್ತದೇ ಹೇಳಿದಳು.

“ನಾನು ಆಗ್ತೀನಿ ಬಿಡು. ನಂಗೇನು ಹೋಗಾದೈತೆ?”

ಅಣ್ಣ ಎಗರಿ ಕುಣಿದ. ದೆವ್ವದ ಸೀರೆಯ ಸಮಸ್ಯೆಯೂ ತೀರಿತು, ಈಗ ಉಟ್ಟದ್ದೇ ಸಾಕು, ಆ ಸಿಡಿಯಲ್ಲೂ ದೆವ್ವಗಳು ಬಿಳಿಯನ್ನೇ ಉಡುತ್ತವೆ ಎಂದ. ಅತ್ತೆ ಮಡಿಸುವುದನ್ನು ನಿಲ್ಲಿಸಿ ಅವನನ್ನು ನೋಡಿದಳು.

“ಬಿಳಿ ಉಟ್ಟು ಉಟ್ಟು ಸಾಕಾಗೈತೆ ಕಣೋ. ದೆವ್ವ ಆದ್ಮೇಲೂ ಬಿಳೀನೇ ಉಡ್ಬೇಕೇನು? ಅವಳು ಮದುವಣಗಿತ್ತಿ. ನಮ್ಮೂರು ಮದುವಣಗಿತ್ತಿ ಏನು ಉಡ್ತಾಳೆ ಅಂತ ನಂಗೆ ಗೊತ್ತೈತೆ.”

ನಗುತ್ತಲೇ ಹೇಳಿದಳು. ಆದರೆ ಅವಳಿಗೆ ಏನು ಬೇಕಾಗಿದೆ ಎನ್ನುವುದು ಅವತ್ತು ನನಗೆ ಗೊತ್ತಾಯಿತು. ಅವಳಿಗೆ ನಟಿಯಾಗುವುದು ಬೇಕಾಗಿರಲಿಲ್ಲ. ತಾನೇ ಬಣ್ಣ ಆರಿಸಿ, ತಾನೇ ನೇಯಿಸಿ, ಊರ ಮದುವಣಗಿತ್ತಿಯರಿಗೆಲ್ಲ ಉಡಿಸಿದ ಸೀರೆಯನ್ನು ಒಂದು ಸಲ ತಾನು ಉಡಬೇಕಾಗಿತ್ತು. ಉಟ್ಟು ನಾಲ್ಕು ಜನರ ಎದುರಿಗೆ ಹೋಗಬೇಕಾಗಿತ್ತು.

ಕಪಾಟಿನಿಂದ ಅವಳು ತೆಗೆದದ್ದು ಗಿಣಿಹಸಿರಿನ ಮೈಗೆ ಕುಂಕುಮಗೆಂಪಿನ ಗೋಪುರದಂಚು ಇದ್ದ ಸೀರೆ. ಹುಡುಕಲೇ ಇಲ್ಲ, ಎಲ್ಲಿದೆ ಎಂದು ಅವಳ ಕೈಗೆ ಗೊತ್ತಿತ್ತು. ಪಕ್ಕದ ಮನೆಯ ಮಗ್ಗದಾಕೆ ಕನಕಾಂಬರ ಕಟ್ಟಿಕೊಂಡು ಬಂದರು. ನಾನು ಹಸಿರು ಬಳೆ ತೊಡಿಸಿದೆ. ಎಷ್ಟೋ ವರ್ಷ ಬಳೆ ಕಾಣದ ಕೈ. ಬಳೆ ಏರಿಸುವಾಗ ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು. ನೋಯಿತೇ ಎಂದರೆ ಇಲ್ಲ ಎಂದಳು. ಅವಳು ಒಳಕೋಣೆಯಿಂದ ಹೊರಬಂದಳು. ಮಗ್ಗದ ಯಜಮಾನರು ತಾವು ಕಾಲಿಳಿಬಿಟ್ಟು ನೇಯುವ ಗುಂಡಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತು, “ಚಾಲಾ ಬಾಗುಂದಮ್ಮಾ”, ಬಹಳ ಚೆನ್ನಾಗಿದೆಯಮ್ಮ, ಎಂದರು. ಅವರ ಹೆಂಡತಿ ಎರಡೂ ಕೈಯಿಂದ ಅತ್ತೆಯ ಮುಖಕ್ಕೆ ನೀವಾಳಿಸಿ, ಬೆರಳುಗಳನ್ನು ಹಣೆಗೊತ್ತಿ ನೆಟಿಕೆ ತೆಗೆದರು. ದೆವ್ವಕ್ಕೆ ದೃಷ್ಟಿ ತೆಗೆದದ್ದು ಅದೇ ಮೊದಲಿರಬೇಕು.

ಕೆರೆಯಲ್ಲಿ ಆದ ಪಜೀತಿ ಬೇರೆ. ಅತ್ತೆ ಹೂಳಿನಿಂದ ಎದ್ದು, ಕಣ್ಣು ಬಿಟ್ಟು, ಕ್ಯಾಮೆರಾದ ಕಡೆಗೆ ನಡೆದು ಬರಬೇಕು. ಎದ್ದಳು, ಕಣ್ಣೂ ಬಿಟ್ಟಳು, ಆದರೆ ಮುಖದ ತುಂಬ ನಗು. ಅಣ್ಣ ಮತ್ತೆ ಮತ್ತೆ ನಿಲ್ಲಿಸಿದ.

“ಅತ್ತೆ, ನಗಬ್ಯಾಡ. ನೀನು ಸತ್ತಿದೀಯ.”

“ನಾನೆಲ್ಲಿ ನಗ್ತಿದೀನೋ?”

“ನಗ್ತಿದೀಯ. ಇವಳನ್ನ ಕೇಳು.”

ನಾನು ಹೌದೆಂದೆ. ಅತ್ತೆ ಕೆನ್ನೆ ಮುಟ್ಟಿ ನೋಡಿಕೊಂಡಳು, ಕೆಸರು ಮೆತ್ತಿತು. ತನ್ನ ಕೈಯಲ್ಲಿಲ್ಲ, ಮುಖ ತಾನಾಗೇ ಹಾಗಾಗುತ್ತಿದೆ ಎಂದಳು. ಮಾವ ಸತ್ತದ್ದನ್ನು ನೆನಪಿಸಿಕೊಳ್ಳಲು ಹೇಳೋಣವೇ ಎಂದು ಅಣ್ಣ ನನ್ನ ಕಿವಿಯಲ್ಲಿ ಕೇಳಿದ. ಅವನ ಕಾಲಿನ ಮೇಲೆ ಬಲವಾಗಿ ತುಳಿದೆ. ಕೊನೆಗೆ ನಗುವ ದೆವ್ವವನ್ನೇ ತೆಗೆದೆವು. ನನ್ನ ಹೇಳಿಕೆಯಲ್ಲಿ, ‘ಅವಳಿಗೆ ತಾನು ಸತ್ತದ್ದು ಇನ್ನೂ ಗೊತ್ತಿಲ್ಲ’ ಎಂಬ ಒಂದು ವಾಕ್ಯ ಸೇರಿಸಿದೆ. ಅದರಿಂದ ಕಥೆಗೆ ಒಂದು ಗತಿ ಬಂತು. ಸೀರೆಯ ಸೆರಗಿಗೆ ಕೆಸರಾದದ್ದಕ್ಕೆ ಮಗ್ಗದ ಯಜಮಾನರು ಒಂದು ವಾರ ನಮ್ಮ ಜತೆ ಮಾತು ಬಿಟ್ಟರು.

ಅದು ಚಾನಲ್ಲಿನಲ್ಲಿ ಬರುವ ಶನಿವಾರ ಬಂತು. ಕಥೆಯ ಬಗ್ಗೆ ಅಪ್ಪನಿಗೆ ಹೇಳಿದ್ದೆವು. ದೆವ್ವ ಯಾರೆಂದು ಹೇಳಿರಲಿಲ್ಲ. ಅಪ್ಪ ಬೇಡವೆಂದರೆ ಅದೇ ಮೊದಲು, ಅದೇ ಕೊನೆ. ಅತ್ತೆ ಮತ್ತೆ ಗಾಳಿ ಬರುವ ಕಡೆಗೇ. ಮಹಡಿಯಲ್ಲಿ ಮೈಕು ಹಿಡಿದು ಕಥೆ ಹೇಳುತ್ತಿದ್ದರೂ ನನ್ನ ಕಿವಿಯೆಲ್ಲ ಕೆಳಗಿನ ಪಡಸಾಲೆಯ ಮೇಲೆಯೇ ಇತ್ತು. ಟಿವಿಯಲ್ಲಿ ಅತ್ತೆ ಹೂಳಿನಿಂದ ಎದ್ದ ಹೊತ್ತಿಗೆ ಸರಿಯಾಗಿ ದೊಡ್ಡವ್ವನ ಧ್ವನಿ ಮೇಲಕ್ಕೆ ಬಂತು. ಅವಳ ಮನೆ ಎದುರಿಗೇ; ತನ್ನ ಟಿವಿ ಬಿಟ್ಟು ಓಡಿ ಬಂದಿದ್ದಳು.

“ನೋಡಪ್ಪ ನಿನ್ ತಂಗೀನ! ತಲೆ ತುಂಬ ಹೂ ಮುಡ್ಕಂಡು, ಕೈ ತುಂಬ ಬಳೆ ಇಟ್ಕಂಡು ಊರಿಗೆಲ್ಲ ಕಾಣಂಗೆ ನಿಂತಾಳಲ್ಲ!”

ಅಣ್ಣ ಮೈಕು ಬಂದ್ ಮಾಡಿದ. ನಾವಿಬ್ಬರೂ ಮೆಟ್ಟಿಲ ಮೇಲೆ ಬಂದು ನಿಂತೆವು. ಅತ್ತೆ ಕೆಳಗೇ ಇದ್ದಳು, ಅಡುಗೆಮನೆಯ ಬಾಗಿಲಲ್ಲಿ, ಬಿಳಿ ಸೀರೆಯಲ್ಲಿ. ಅಪ್ಪ ಟಿವಿಯಿಂದ ಕಣ್ಣು ತೆಗೆದಿರಲಿಲ್ಲ. ಅಲ್ಲಿ ಅವರ ತಂಗಿ ಹಸಿರು ಸೀರೆಯಲ್ಲಿ ನಗುತ್ತಾ ಅವರ ಕಡೆಗೇ ನಡೆದು ಬರುತ್ತಿದ್ದಳು. ಆ ದೃಶ್ಯ ಮುಗಿಯುವವರೆಗೆ ಅಪ್ಪ ನೋಡಿದರು. ಆಮೇಲೆ ನಿಧಾನಕ್ಕೆ ಅಂದರು.

“ಅದು ವೇಷ ಅಲ್ಲೇನು ಅತ್ತಿಗೆ? ವೇಷಕ್ಕೆ ಯಾವ ಶಾಸ್ತ್ರ?”

ನಮ್ಮ ಸೀಮೆಯಲ್ಲಿ ಆ ಮಾತಿಗೆ ಎದುರು ಮಾತಿಲ್ಲ. ಬಯಲಾಟದಲ್ಲಿ ವೇಷ ಕಟ್ಟಿದವನು ಅದನ್ನು ಕಳಚುವವರೆಗೆ ತಾನಲ್ಲ. ನಮ್ಮ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದವನು ಒಮ್ಮೆ ರಾಜನ ವೇಷದಲ್ಲಿ ನಮ್ಮ ಬಾಗಿಲಿಗೆ ಬಂದಾಗ ಅಪ್ಪನೇ ಎದ್ದು ನಿಂತು ಕೈಮುಗಿದಿದ್ದರು. ಮೀಸೆ ತೆಗೆಸಿ, ಹೆಂಡತಿಯ ರೇಷ್ಮೆ ಉಟ್ಟು, ಮಲ್ಲಿಗೆ ಮುಡಿದು ರಾಣಿಯಾಗಿ ಬಂದವರನ್ನು ನೋಡಿ ಯಾರೂ ನಕ್ಕಿದ್ದಿಲ್ಲ. ವೇಷವೆಂದರೆ ವೇಷ. ಊರೂ ಅದನ್ನೇ ಒಪ್ಪಿತು. ಮರುದಿನ ಅಣ್ಣನಿಗೆ ಬಂದ ಫೋನುಗಳಲ್ಲಿ ಹೆಚ್ಚಿನವು ಆ ಸೀರೆ ಯಾವ ಅಂಗಡಿಯದು ಎಂದು ಕೇಳಿದವು. ನನಗೆ ಖುಷಿಯೂ ಆಯಿತು, ಸಿಟ್ಟೂ ಬಂತು. ಬದುಕಿರುವ ಹೆಂಗಸು ಒಂದು ಬಣ್ಣ ಉಡಲು ಸತ್ತವಳ ವೇಷ ಹಾಕಬೇಕಾಯಿತಲ್ಲ ಎಂದು ಅವ್ವನ ಹತ್ತಿರ ರೇಗಾಡಿದೆ. ಅವ್ವ, “ಹೆಂಗಾದ್ರೂ ಉಟ್ಲಲ್ಲ, ಸುಮ್ನಿರು” ಎಂದಳು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ. ನಮ್ಮ ಕೆಸರಿನ ಕಥೆಗಳ ಮಾಲೆ ನಡೆದೇ ನಡೆಯಿತು. ಕಾವಲಿನ ಕೊಳ್ಳಿದೆವ್ವ, ಜಟಿಂಗ ರಾಮೇಶ್ವರದ ಬೆಟ್ಟದ ದಾರಿಯಲ್ಲಿ ಹೆಸರು ಹಿಡಿದು ಕರೆಯುವ ಧ್ವನಿ, ಹಾಳುಬಾವಿಯಲ್ಲಿ ಸದ್ದು ಮಾಡುವ ಮಗ್ಗ. ಎಲ್ಲದರಲ್ಲೂ ದೆವ್ವ ಅತ್ತೆಯೇ. ಒಂದೊಂದು ಕಥೆಗೆ ಒಂದೊಂದು ಸೀರೆ. ಮೊದಮೊದಲು ಜಾಗಕ್ಕೆ ಹೋಗಿ ಉಡುತ್ತಿದ್ದಳು. ಬರಬರುತ್ತಾ ಮನೆಯಿಂದಲೇ ಉಟ್ಟು ಹೊರಟಳು. ನವಿಲುಬಣ್ಣದ ಸೀರೆಯಲ್ಲಿ, ಬಳೆ ಸದ್ದು ಮಾಡಿಕೊಂಡು ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದಳು. ಯಾರಾದರೂ ಹುಬ್ಬು ಏರಿಸಿದರೆ, ಅವರು ಕೇಳುವ ಮೊದಲೇ “ಶೂಟಿಂಗ್ ಐತ್ರಿ” ಎನ್ನುತ್ತಿದ್ದಳು. ಕಂಡಕ್ಟರು ಕೂಡ “ದೆವ್ವದಮ್ಮನಿಗೆ ಸೀಟು ಬಿಡ್ರಪ್ಪ” ಎನ್ನುತ್ತಿದ್ದ. ಶೂಟಿಂಗ್ ಇಲ್ಲದ ದಿನಗಳಲ್ಲೂ ಅವಳು ಹಾಗೆ ಉಟ್ಟು ಪೇಟೆಗೆ ಹೋಗುತ್ತಾಳೆಂದು ಮಗ್ಗದಾಕೆ ನನ್ನ ಹತ್ತಿರ ಗುಟ್ಟಾಗಿ ಹೇಳಿದರು. ನಾನೂ ಗುಟ್ಟಾಗಿಯೇ ಇಟ್ಟುಕೊಂಡೆ. ಅತ್ತೆಯ ನಡಿಗೆಯೇ ಬದಲಾಗಿತ್ತು. ಮೊದಲು ಗೋಡೆ ಸವರಿಕೊಂಡು ನಡೆಯುತ್ತಿದ್ದವಳು ಈಗ ಬೀದಿಯ ನಡುವೆ ನಡೆಯುತ್ತಿದ್ದಳು.

ಆದರೆ ಬೇರೊಬ್ಬರ ಒಪ್ಪಿಗೆಯ ಮೇಲೆ ನಿಂತ ಸುಖ ಅದು. ಮನೆಮನೆಯ ಮೇಲೆ ಡಿಶ್ ಬಂತು. ಜನಕ್ಕೆ ಹಗಲೂ ರಾತ್ರಿ ಕನ್ನಡದ ಧಾರಾವಾಹಿಗಳು ಸಿಗತೊಡಗಿದವು. ನಮ್ಮ ಶನಿವಾರದ ದೆವ್ವವನ್ನು ಯಾರೂ ಕಾಯುತ್ತಿರಲಿಲ್ಲ. ಅಣ್ಣ ಚಾನಲ್ ನಿಲ್ಲಿಸಿ ಅಪ್ಪನ ಜತೆ ಮಿಲ್ಲಿಗೆ ಹೋಗತೊಡಗಿದ. ಕ್ಯಾಮೆರಾ ಕೆಟ್ಟು ಮೂಲೆ ಸೇರಿತು. ಮದುವೆ ಮನೆಯೊಂದರಲ್ಲಿ ಅತ್ತೆ ಮತ್ತೆ ಬಿಳಿ ಸೀರೆಯಲ್ಲಿ ಬಂದಳು. ಊಟದ ಹೊತ್ತಿಗೆ ಅಣ್ಣನನ್ನು ಬದಿಗೆ ಕರೆದಳು.

“ಇನ್ನೊಂದು ಕಥೆ ತೆಗಿಯೋ.”

“ಚಾನಲ್ಲೇ ಇಲ್ಲವಲ್ಲ ಅತ್ತೆ.”

“ಗೊತ್ತೈತೆ. ಆದ್ರೂ ತೆಗಿ.”

ಹತ್ತಿರದವರು ಸತ್ತಾಗಲೂ ಅಳದ ನಮ್ಮಣ್ಣನ ಕಣ್ಣು ಅವತ್ತು ಕೆಂಪಾಗಿದ್ದನ್ನು ನೋಡಿದೆ. ಮುಂದಿನ ಭಾನುವಾರ ಆ ಸತ್ತ ಕ್ಯಾಮೆರಾವನ್ನೇ ಒರೆಸಿ, ಮೋಟರ್ ಸೈಕಲ್ ಮೇಲೆ ನನ್ನ ತೊಡೆಯ ಮೇಲಿಟ್ಟ. ಮೊಳಕಾಲ್ಮೂರಿನ ಪೇಟೆಯಲ್ಲಿ ಬೇಕೆಂದೇ ನಿಧಾನವಾಗಿ ಹೋದ, ಎಲ್ಲರಿಗೂ ಕಾಣಲಿ ಎಂದು. ಅತ್ತೆ ನೀಲಿ ಸೀರೆ ಉಟ್ಟು ಸಿದ್ಧವಾಗಿದ್ದಳು. ಕೆರೆಗೆ ಹೋದೆವು. ಆ ವರ್ಷ ನೀರಿರಲಿಲ್ಲ. ಹೂಳು ಒಡೆದು ಹೆಂಚಿನ ಚೂರುಗಳ ಹಾಗೆ ಬಿದ್ದಿತ್ತು. ಅಣ್ಣ ಕ್ಯಾಮೆರಾ ಹೆಗಲಿಗೇರಿಸಿ “ಆಕ್ಷನ್” ಎಂದ. ಅತ್ತೆ ಸ್ವಲ್ಪ ದೂರ ನಡೆದಳು, ತಿರುಗಿದಳು, ಮತ್ತೆ ನಮ್ಮ ಕಡೆಗೆ ಬಂದು, ಏರಿಯ ಕಲ್ಲಿನ ಮೇಲೆ ಕೂತುಬಿಟ್ಟಳು.

“ಇಳ್ಸಪ್ಪ, ಹೆಗಲು ನೋಯ್ತೈತೆ. ಅದ್ರ ಕೆಂಪು ದೀಪ ಹತ್ತಿಲ್ಲ ಅಂತ ನಂಗೆ ಕಾಣಲ್ವೇನು?”

ಅಣ್ಣ ತಲೆ ತಗ್ಗಿಸಿ ನಿಂತ. ಅತ್ತೆ ಬೈಯಲಿಲ್ಲ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನು ಸವರಿದಳು. ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತಿದ್ದಳು.

“ನಾಳೆ ನಿಂದೂ ಮದುವೆ ಆಗ್ತೈತೆ, ಇವಳೂ ಹೋಗ್ತಾಳೆ. ಈ ಕ್ಯಾಮೆರಾ ಎಷ್ಟು ದಿನ ಹೊರ್ತೀರ ನನಗೋಸ್ಕರ? ಇದು ಇಲ್ದಿದ್ರೆ ನಾನು ಉಡಂಗೇ ಇಲ್ವೇನು?”

ನಮ್ಮನ್ನು ಕೇಳಿದಳೋ ತನ್ನನ್ನೇ ಕೇಳಿಕೊಂಡಳೋ ಗೊತ್ತಾಗಲಿಲ್ಲ. ಉಡು ಅತ್ತೆ, ಯಾರು ಏನು ಮಾಡುತ್ತಾರೆ ಎಂದು ನಾನು ಜೋರಾಗಿ ಹೇಳಿದೆ. ಹೇಳುವುದು ನನಗೆ ಸುಲಭ. ಬೀದಿಯಲ್ಲಿ ನಡೆಯಬೇಕಾದವಳು ಅವಳು. ಅವತ್ತು ಬಿಸಿಲಲ್ಲಿ ಮೂವರೂ ಮನೆಗೆ ಬಂದೆವು. ಅಣ್ಣ ಮತ್ತೆ ಆ ಕ್ಯಾಮೆರಾ ಮುಟ್ಟಲಿಲ್ಲ.

ಮರುವರ್ಷ ದೊಡ್ಡವ್ವನ ಮಗಳಿಗೆ ಸಂಬಂಧ ಗೊತ್ತಾಯಿತು. ಹಿರಿಯೂರಿನ ಕಡೆಯವರು, ಗಟ್ಟಿ ಕುಳ. ಸೀರೆ ತೆಗೆಯಲು ಮೊಳಕಾಲ್ಮೂರಿಗೇ ಹೋಗಬೇಕು, ಹೋದರೆ ಅತ್ತೆಯ ಮನೆಗೇ ಹೋಗಬೇಕು. ಹುಡುಗನ ತಾಯಿ, ದೊಡ್ಡವ್ವ, ನಾನು, ಎಲ್ಲರೂ ಒಂದು ಜೀಪಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ನಾನು ಒಂದನ್ನೇ ಯೋಚಿಸುತ್ತಿದ್ದೆ: ಅತ್ತೆ ಇವತ್ತು ಏನು ಉಟ್ಟಿರುತ್ತಾಳೆ? ಇಂಥ ದಿನ, ಬೀಗರ ಎದುರಿಗೆ, ಅವಳು ಬಿಳಿಯನ್ನೇ ಉಟ್ಟಿರುತ್ತಾಳೆ ಎಂದು ನನಗೆ ಹೆಚ್ಚುಕಡಿಮೆ ಖಾತ್ರಿಯಿತ್ತು. ಹಾಗಾದರೆ ಇನ್ನು ಯಾವತ್ತೂ ಬೇರೆಯದು ಉಡುವುದಿಲ್ಲ ಎಂಬುದೂ ಖಾತ್ರಿಯಿತ್ತು.

ಅತ್ತೆ ಬಾಗಿಲು ತೆರೆದಳು. ನೇರಳೆ ಬಣ್ಣದ ರೇಷ್ಮೆ, ಅರಿಸಿನದಂಚು. ತಲೆಯಲ್ಲಿ ಹೂವಿರಲಿಲ್ಲ. ಕೈಯಲ್ಲಿ ಬಳೆ ಇದ್ದವು. ಸೀರೆ ಹೊಸದಲ್ಲ, ಒಗೆದು ಒಗೆದು ಮೈಗೆ ಹೊಂದಿಕೊಂಡಿತ್ತು.

ಅವಳು ಗಂಡ ಇಲ್ಲದವಳೆಂದು ಹುಡುಗನ ತಾಯಿಗೆ ಜೀಪಿನಲ್ಲೇ ಮಾತಿಗೆ ಮಾತು ಬಂದು ಗೊತ್ತಾಗಿತ್ತು. ಆಕೆ ಅತ್ತೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ದೊಡ್ಡವ್ವನ ಮುಖದ ಬಣ್ಣ ಹೋಯಿತು. ಅವಸರವಾಗಿ ನಕ್ಕು, ಬೀಗಿತಿಯ ಕಡೆ ತಿರುಗಿ ಹೇಳಿದಳು:

“ಇವತ್ತು ಇವ್ರದು ಶೂಟಿಂಗ್ ಐತ್ರಿ, ಅದಕ್ಕೇ ಹಿಂಗೆ. ಟಿವಿಯಾಗೆಲ್ಲ ಮಾಡ್ತಾರೆ ನಮ್ಮ ನಾದಿನಿ.”

ಅತ್ತೆಗೆ ಅವಳು ಒಂದು ಬಾಗಿಲು ತೆರೆದಿಟ್ಟಿದ್ದಳು. ಹೌದೆಂದರೆ ಸಾಕಿತ್ತು, ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು.

“ಇಲ್ಲ ಅತ್ತಿಗೆ,” ಎಂದಳು ಅತ್ತೆ. ಧ್ವನಿ ಏರಲೂ ಇಲ್ಲ, ನಡುಗಲೂ ಇಲ್ಲ. “ಶೂಟಿಂಗ್ ನಿಂತು ಭಾಳ ದಿನ ಆತು. ಇದು ನಾನು ಮನ್ಯಾಗೆ ಉಡೋ ಸೀರೆ.”

ಪಕ್ಕದ ಮನೆಯ ಮಗ್ಗ ಆಡುತ್ತಿತ್ತು. ದೊಡ್ಡವ್ವ ಬೀಗಿತಿಯ ಮುಖವನ್ನೇ ನೋಡುತ್ತಿದ್ದಳು. ಆ ಹೆಂಗಸು ಮುಂದೆ ಬಂದು, ಅತ್ತೆಯ ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ತಿರುಗಿಸಿ, ಒಳಮೈಯನ್ನೂ ನೋಡಿದರು.

“ಒಗೆದ್ರೂ ಬಣ್ಣ ಹೋಗಿಲ್ಲ ನೋಡ್ರಿ. ಇಂಥದ್ರಾಗೆ ಹಸಿರು ಐತೇನ್ರಿ?”

“ಐತ್ರಿ. ಒಳಗೆ ಬರ್ರಿ, ಕೂತ್ಕಳ್ರಿ, ತೋರಿಸ್ತೀನಿ,” ಎಂದಳು ಅತ್ತೆ.

ಅವಳು ಮುಂದೆ ಹೋದಳು, ಬೀಗಿತಿ ಹಿಂದೆ ಹೋದರು, ದೊಡ್ಡವ್ವ ಚಪ್ಪಲಿ ಬಿಟ್ಟು ಅವರ ಹಿಂದೆ ಹೋದಳು. ನನಗೆ ತಡೆಯಲಾರದಷ್ಟು ಅಳು ಬಂತು. ನೀರು ತರುತ್ತೇನೆ ಎಂದು ಹೇಳಿ ಅಡುಗೆಮನೆಗೆ ಹೋಗಿ, ಸ್ವಲ್ಪ ಹೊತ್ತು ಅಲ್ಲೇ ನಿಂತೆ.